ಅಂಬಾಸಿಡರ್ ಮತ್ತು ಫಿಯೆಟ್: ಎರಡು ಕಾರು, ಎರಡು ಸೀಟು



ಅಂಬಾಸಿಡರ್ ಒಳ್ಳೆಯದೋ, ಫಿಯೆಟ್ ಒಳ್ಳೆಯದೋ? ಒಂದು ಕಾಲದಲ್ಲಿ ಗ್ಯಾರೇಜಿನ ಮುಂದಿನ ಕಟ್ಟೆಯ ಮೇಲೆ ಈ ವಾದ ಶುರುವಾದರೆ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು. ವಾದ ಮಾತ್ರ ಆರುತ್ತಿರಲಿಲ್ಲ. ಇಂದು ಎರಡನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ ನೋಡೋಣ.

ಎರಡೂ ಹೊರನಾಡಿನ ಕೂಸುಗಳೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿ 1950ರ ದಶಕದ ಕೊನೆಯಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾಕ್ಕೆ ಬಂದು ಹಿಂದೂಸ್ತಾನ್ ಮೋಟಾರ್ಸ್‌ನವರ ಅಂಬಾಸಿಡರ್ ಆಯಿತು. ಇಟಲಿಯ ಫಿಯೆಟ್ 1100, ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಲ್ಲಿ ತಯಾರಾಗಿ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಪಡೆಯಿತು. ಜನ ಮಾತ್ರ ಫಿಯೆಟ್ ಎಂದೇ ಕರೆದರು.

ಬಹುಕಾಲ ಓಡಿದ ಅಂಬಾಸಿಡರಿನ ಪೆಟ್ರೋಲ್ ಎಂಜಿನ್ 1489 ಸಿ.ಸಿ.ಯದು; ಶಕ್ತಿ ಸುಮಾರು 50 ಕುದುರೆಗಳಷ್ಟು. ಫಿಯೆಟ್‌ನದು 1089 ಸಿ.ಸಿ., ಸುಮಾರು 40 ಕುದುರೆಗಳಷ್ಟು. ಆದರೆ ಫಿಯೆಟ್‌ನ ತೂಕ 900 ಕಿಲೋದ ಆಸುಪಾಸು. ಅಂಬಾಸಿಡರ್ ಅದಕ್ಕಿಂತ ಸುಮಾರು 200 ಕಿಲೋ ಹೆಚ್ಚು. ಕಿಲೋಗೆ ಇಷ್ಟು ಶಕ್ತಿ ಎಂದು ಭಾಗಿಸಿ ನೋಡಿದರೆ ಇಬ್ಬರೂ ಸರಿಸಮಾನರೇ! ವ್ಯತ್ಯಾಸ ಕಾಣುವುದು ತಿರುವಿನಲ್ಲಿ, ಗುಂಡಿಯಲ್ಲಿ, ಏರಿನಲ್ಲಿ.

ಅಂಬಾಸಿಡರ್ ಎತ್ತರದ, ಮೆತ್ತನೆಯ ಗಾಡಿ. ಗುಂಡಿಗೆ ಬಿದ್ದರೂ ಒಳಗಿನವರಿಗೆ ಅಷ್ಟಾಗಿ ತಿಳಿಯದು. ತಿರುವಿನಲ್ಲಿ ಮಾತ್ರ ದೋಣಿಯಂತೆ ವಾಲುತ್ತಿತ್ತು. ಜನ ತುಂಬಿ, ಕ್ಯಾರಿಯರ್ ಮೇಲೆ ಹಾಸಿಗೆ ಕಟ್ಟಿ ಆಗುಂಬೆ ಘಾಟಿಯ 14 ತಿರುವು ಹತ್ತಬೇಕೆಂದರೆ ನಿಧಾನವಾಗಿಯಾದರೂ ಎಳೆಯುವುದು ಅದರ ಗುಣ. ಫಿಯೆಟ್ ಚಿಕ್ಕದು, ಹಗುರ, ಹೇಳಿದ ಮಾತು ಕೇಳುವಂಥದ್ದು. ಇಕ್ಕಟ್ಟಿನ ಬೀದಿಯಲ್ಲಿ ನುಸುಳುವುದರಲ್ಲಿ ಅದನ್ನು ಮೀರಿಸುವುದು ಅಂಬಾಸಿಡರಿಗೆ ಕಷ್ಟ. ಆದರೆ ಅಷ್ಟೇ ಭಾರ ಹೊರಿಸಿದರೆ ಏರಿನಲ್ಲಿ ಏದುಸಿರು ಬಿಡುತ್ತಿತ್ತು.

ಕಷ್ಟಗಳೂ ಸಮಾನವೇ. ಹಳೆಯ ಗಾಡಿಗಳೆರಡಕ್ಕೂ ಡ್ರಮ್ ಬ್ರೇಕು. ಉದ್ದದ ಇಳಿಜಾರಿನಲ್ಲಿ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಅನುಭವಸ್ಥ ಚಾಲಕರು ಹತ್ತಿದ ಗೇರಿನಲ್ಲೇ ಇಳಿಯುತ್ತಿದ್ದರು. ಬೇಸಿಗೆಯಲ್ಲಿ ಕೊಳವೆಯೊಳಗಿನ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದೇ ಉಪಾಯ.

ಹಾಗಾದರೆ ಯಾವುದು ಮೇಲು? ನೀವು ಯಾವ ಸೀಟಿನಲ್ಲಿ ಕೂರುತ್ತೀರಿ ಎಂಬುದನ್ನು ಅವಲಂಬಿಸಿದೆ. ಅಂಬಾಸಿಡರ್ ಹಿಂದಿನ ಸೀಟಿನವರ ಕಾರು; ಮಂತ್ರಿಗಳಿಗೂ ಅಧಿಕಾರಿಗಳಿಗೂ ಮದುವೆ ದಿಬ್ಬಣಕ್ಕೂ ಒಗ್ಗಿತು. ಫಿಯೆಟ್ ಮುಂದಿನ ಸೀಟಿನವರ ಕಾರು. ತಾವೇ ಓಡಿಸುವ ಡಾಕ್ಟರು, ವಕೀಲರು ಅದನ್ನು ಮೆಚ್ಚಿದರು.

ಆದರೆ ಈ ಮೆಚ್ಚುಗೆಯಲ್ಲಿ ಅನಿವಾರ್ಯವೂ ಬೆರೆತಿತ್ತು. ಲೈಸೆನ್ಸಿನ ಆ ಕಾಲದಲ್ಲಿ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಯಾವ ಊರಿನ ಮೇಸ್ತ್ರಿಯೂ ರಿಪೇರಿ ಮಾಡಬಲ್ಲ ಎಂದು ನಾವು ಹೆಮ್ಮೆಪಟ್ಟೆವು. ಅವನು ಬಲ್ಲವನಾಗಿದ್ದು, ದಶಕಗಳ ಕಾಲ ಗಾಡಿ ಹೆಚ್ಚು ಬದಲಾಗದೆ ಇದ್ದದ್ದರಿಂದ. ಬದಲಾಗದೆ ಇದ್ದದ್ದು, ಬೇಡ ಎನ್ನುವ ಶಕ್ತಿ ಕೊಳ್ಳುವವನಿಗೆ ಇಲ್ಲದ್ದರಿಂದ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಆ ಶಕ್ತಿ ಸಿಕ್ಕಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಫಿಯೆಟ್ ಅದಕ್ಕೂ ಮೊದಲೇ ಮರೆಯಾಗಿತ್ತು. ಎರಡನ್ನೂ ಪ್ರೀತಿಯಿಂದಲೇ ನೆನೆಯೋಣ, ಕಾದ ವರ್ಷಗಳನ್ನು ಮರೆಯದೆ.