ಛೆಟ್ರಿಗೆ ಅಡ್ಡ ಬಂದ ನಂಬರ್: 70

ಕೋಲಾರದ ಕ್ಯಾಲನೂರಿನಿಂದ ಮಾತಾಡ್ತಿದ್ದೀನಿ. ನಮ್ಮೂರಲ್ಲಿ ಆಟ ಅಂದ್ರೆ ಕ್ರಿಕೆಟ್ಟೇ. ಆದ್ರೆ ಫುಟ್‌ಬಾಲ್ ನೋಡೋ ನಾಲ್ಕೈದು ಜನ ಸೇರಿದ್ರೆ ಈ ಪ್ರಶ್ನೆ ಗ್ಯಾರಂಟಿ: ಕೊರಿಯಾದ ಸನ್ ಹ್ಯೂಂಗ್-ಮಿನ್ ಇಂಗ್ಲೆಂಡ್‌ನಲ್ಲಿ ಮಿಂಚಿದ್ರು, ನಮ್ಮ ಸುನಿಲ್ ಛೆಟ್ರಿ ಯಾಕೆ ಅಲ್ಲಿ ಆಡ್ಲಿಲ್ಲ?

2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಛೆಟ್ರಿಯನ್ನ ತಗೊಳ್ಳೋಕೆ ಒಪ್ಪಿತ್ತು. ಆದ್ರೆ ಬ್ರಿಟನ್ ವರ್ಕ್ ಪರ್ಮಿಟ್ ಕೊಡಲಿಲ್ಲ. ಕಾರಣ, ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲ. ಬಿಕಾಂ ಓದಿದವನ ಭಾಷೆಯಲ್ಲಿ ಹೇಳ್ತೀನಿ: ನಿಮ್ಮ ಸಂಬಳ ಚೆನ್ನಾಗಿದೆ, ಆದ್ರೆ ನಿಮ್ಮೂರಿನವರ ಸಿಬಿಲ್ ಸ್ಕೋರ್ ಕಮ್ಮಿ, ಅದಕ್ಕೆ ಸಾಲ ಇಲ್ಲ ಅಂದಂಗೆ!

ಸನ್ ಕಥೆ ನೋಡಿ. 2008ರಲ್ಲಿ, 16ನೇ ವಯಸ್ಸಿಗೇ, ಕೊರಿಯಾ ಫುಟ್‌ಬಾಲ್ ಸಂಸ್ಥೆಯ ಯೋಜನೆಯಲ್ಲಿ ಜರ್ಮನಿಯ ಹ್ಯಾಂಬರ್ಗ್ ಅಕಾಡೆಮಿ ಸೇರಿದ್ರು. ಆಮೇಲೆ ಲೆವರ್‌ಕುಸೆನ್, 2015ರಲ್ಲಿ ಟಾಟನ್‌ಹ್ಯಾಮ್. 2021-22ರ ಪ್ರೀಮಿಯರ್ ಲೀಗ್‌ನಲ್ಲಿ 23 ಗೋಲು ಹೊಡೆದು, ಸಲಾ ಜೊತೆ ಗೋಲ್ಡನ್ ಬೂಟ್ ಹಂಚಿಕೊಂಡ್ರು.

ಛೆಟ್ರಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದಾಗ 25 ವರ್ಷ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಬಿ ತಂಡ. ಎರಡೂ ಕಡೆ ನೆಲೆ ಸಿಗಲಿಲ್ಲ. 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ್ರು, ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ರು. ದೇಶಕ್ಕೆ 90ಕ್ಕೂ ಹೆಚ್ಚು ಗೋಲು ಕೊಟ್ರು.

ಹಾಗಾಗಿ ಇಬ್ಬರ ಕಾಲನ್ನಷ್ಟೇ ಹೋಲಿಸಬೇಡಿ, ಅವರ ಬೆನ್ನಿಗೆ ಯಾರಿದ್ರು ಅಂತಲೂ ನೋಡಿ. ‘ಛೆಟ್ರಿ ಯಾಕೆ ಆಡ್ಲಿಲ್ಲ’ ಅನ್ನೋದನ್ನ ಬಿಡಿ. ನಿಮ್ಮ ತಾಲ್ಲೂಕಿನ 12 ವರ್ಷದ ಮಕ್ಕಳಿಗೆ ಫುಟ್‌ಬಾಲ್ ಕೋಚ್ ಇದ್ದಾರಾ? ಕೇಳಬೇಕಾದ ಪ್ರಶ್ನೆ ಅದು.