ಅರವತ್ತಕ್ಕ ಅರಳುಮರಳು ಅಂತ ಕೈಬಿಡಬೇಡ್ರಿ

(ಶಿವಯೋಗ ಮಂದಿರದಲ್ಲಿ ನಡೆದ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಸಂಘದ ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳುತ್ತಿದ್ದ ಹಿರಿಯ ಸದಸ್ಯೆ ಈಗ ಚಿಲ್ಲರೆ ಎಣಿಸಲು ತಡವರಿಸುತ್ತಾರೆ. ಕೇಳಿದ್ದಕ್ಕೆ ಉತ್ತರ ನಿಧಾನ. ರೊಟ್ಟಿ ಬಡಿಯುತ್ತಾ ಪಲ್ಯ ನೋಡಿಕೊಳ್ಳುವುದು ಆಗವಲ್ದು. ಹೆಜ್ಜೆ ಸಣ್ಣದಾಗಿದೆ. ಆಗ ನಾವು ಏನಂತೀವಿ? "ಅರವತ್ತಕ್ಕ ಅರಳುಮರಳು, ಬಿಡ್ರಿ." ಒಮ್ಮೊಮ್ಮೆ "ಬೇಕಂತನ ಮಾಡ್ತಾಳ" ಅಂತ ಬೈತೀವಿ. ಆ ಜೀವ ಮೂಲೆ ಸೇರುತ್ತದೆ.

ಇದು ಬರೀ ವಯಸ್ಸಲ್ಲ, ಕಾಯಿಲೆ ಇರಬಹುದು. ದೊಡ್ಡ ಕಾಲುವೆಯಲ್ಲಿ ನೀರಿದ್ದರೂ ಹೊಲಗಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಹೊಲದ ಜೋಳ ಒಣಗುತ್ತದಲ್ಲವೇ? ಮಿದುಳಿನ ಆಳಕ್ಕೆ ರಕ್ತ ಒಯ್ಯುವ ನಾಳಗಳೂ ಬಲು ಸಣ್ಣವು. ಬಿ.ಪಿ. ವರ್ಷಗಟ್ಟಲೆ ಹೆಚ್ಚಿದ್ದರೆ ಅವುಗಳ ಗೋಡೆ ದಪ್ಪವಾಗಿ ದಾರಿ ಕಿರಿದಾಗುತ್ತದೆ. ಸಕ್ಕರೆ ಕಾಯಿಲೆ, ತಂಬಾಕು ಕೂಡಿದರೆ ಹಾನಿ ಇನ್ನೂ ಹೆಚ್ಚು. ಇದರಲ್ಲಿ ಮರೆವಿಗಿಂತ ಮೊದಲು ಯೋಚನೆ, ನಡಿಗೆ ನಿಧಾನವಾಗುವುದುಂಟು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದವರು 2018ರಲ್ಲಿ ಒಂದು ದೊಡ್ಡ ಅಧ್ಯಯನ ಆರಂಭಿಸಿದರು. 45 ವರ್ಷ ದಾಟಿದ ಹಳ್ಳಿಗರ ನೆನಪು, ರಕ್ತ, ಮಿದುಳನ್ನು ಪರೀಕ್ಷಿಸುತ್ತಾರೆ. ಮುದುಕರಾಗುವ ತನಕ ಯಾಕೆ ಕಾಯಲಿಲ್ಲ? ಹಾನಿ ಕಣ್ಣಿಗೆ ಕಾಣುವ ಎಷ್ಟೋ ವರ್ಷ ಮೊದಲೇ ಶುರುವಾಗಿರುತ್ತದೆ. ಅಂದರೆ ಈ ಮಾತು ಅತ್ತೆಯರಿಗಷ್ಟೇ ಅಲ್ಲ, ಸೊಸೆಯರಾದ ನಮಗೂ ಹೌದು.

ಹಾಗಾದರೆ ನಾವು ಏನು ಮಾಡೋಣ?

* 30 ದಾಟಿದವರೆಲ್ಲ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಮಾಡಿಸೋಣ. 140/90 ಅಥವಾ ಹೆಚ್ಚು ಬಂದರೆ ಮತ್ತೆ ತೋರಿಸಲೇಬೇಕು.
* "ಆರಾಮ ಅದೀನಿ" ಅಂತ ಗುಳಿಗಿ ನಿಲ್ಲಿಸಬಾರದು. ಬಿ.ಪಿ. ನೋವು ಕೊಡದೆ ಕೆಡಿಸುತ್ತದೆ.
* ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚದೊಳಗಿರಲಿ. ಉಪ್ಪಿನಕಾಯಿ, ಹಪ್ಪಳದ ಉಪ್ಪೂ ಅದರಲ್ಲೇ ಸೇರಿತು. ಎಲೆ-ಅಡಿಕೆಯ ಜೊತೆಗಿನ ತಂಬಾಕು ಬಿಡೋಣ.
* ಹಿರಿಯರಲ್ಲಿ ಬದಲಾವಣೆ ಕಂಡರೆ ವೈದ್ಯರಿಗೆ ತೋರಿಸೋಣ. ಥೈರಾಯ್ಡ್ ತೊಂದರೆ, ಬಿ-12 ಕೊರತೆ, ಮನಸ್ಸಿನ ಖಿನ್ನತೆಯಿಂದಲೂ ಹೀಗಾಗಬಹುದು. ಅವಕ್ಕೆ ಔಷಧ ಐತಿ.
* ಬಾಯಿ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು ಒಮ್ಮೆಲೇ ಕಂಡರೆ ತಡಮಾಡದೆ 108ಕ್ಕೆ ಫೋನ್ ಮಾಡಿ.

ಒಣಗಿದ ಜೋಳ ಮತ್ತೆ ಹಸಿರಾಗದು. ಆದ ಹಾನಿ ಪೂರ್ತಿ ಹಿಂದಿರುಗದು. ಉಳಿದದ್ದನ್ನು ಕಾಯುವುದು ನಮ್ಮ ಕೈಯಲ್ಲಿದೆ. ಆ ಹಿರಿಯ ಸದಸ್ಯೆಯನ್ನು ಸಭೆಯಿಂದ ಬಿಡಬೇಡಿ. ಪಕ್ಕದಲ್ಲಿ ಕೂಡಿಸಿಕೊಂಡು ಸಾವಕಾಶ ಎಣಿಸಲು ಹೇಳಿ. ಸಾಲದ ಕಂತು ತಪ್ಪಿಸದ ನಾವು ಗುಳಿಗಿಯನ್ನೂ ತಪ್ಪಿಸುವುದು ಬೇಡ.