ಕಡತವಿಲ್ಲದ ನೂರು ವರ್ಷ



ಉಮಾಬಾಯಿ ಕುಂದಾಪುರ ಅವರ ಹೆಸರು ಬಂದ ಕೂಡಲೇ ನಾವು ಸ್ವಾತಂತ್ರ್ಯ ಹೋರಾಟಗಾರ್ತಿ ಅಂತೀವಿ. ತಪ್ಪೇನಿಲ್ಲ. ಆದರೆ ಅವರು ಹುಟ್ಟಿದ್ದು 1892ರಲ್ಲಿ, ತೀರಿಕೊಂಡದ್ದು 1992ರಲ್ಲಿ. ಈ ನೂರು ವರ್ಷದಲ್ಲಿ ಸೆರೆಮನೆಯ ಪಾಲು ನಾಲ್ಕು ತಿಂಗಳು. ಮಿಕ್ಕ ಕಾಲವೆಲ್ಲ ಅವರು ಏನು ಮಾಡುತ್ತಿದ್ದರು ಎಂಬುದೇ ನನಗೆ ಮುಖ್ಯ ಅನಿಸುತ್ತದೆ. ಅದನ್ನೇ ಇವತ್ತು ಹೇಳುತ್ತೇನೆ.

ಮಂಗಳೂರಲ್ಲಿ ಹುಟ್ಟಿದ ಕೂಸು, ತವರಿನವರು ಇಟ್ಟ ಹೆಸರು ಭವಾನಿ, ಮನೆತನ ಗೋಳಿಕೇರಿ. ಬೆಳೆದದ್ದು ಮುಂಬಯಿಯಲ್ಲಿ. ಆ ಕಾಲದ ರೂಢಿಯಂತೆ ಎಳೆಯ ವಯಸ್ಸಿನಲ್ಲೇ ಮದುವೆ. ಗಂಡ ಸಂಜೀವರಾವ್ ಕುಂದಾಪುರ. ಆದರೆ ಈ ಬದುಕನ್ನು ತಿದ್ದಿದವರು ಮಾವ ಆನಂದರಾಯರು. ಹೆಣ್ಣುಮಕ್ಕಳು ಓದಬೇಕು ಎಂದು ನಂಬಿದ ಸುಧಾರಕರು. ಮನೆಗೆ ಬಂದ ಸೊಸೆಯನ್ನು ಮೆಟ್ರಿಕ್‌ವರೆಗೆ ಓದಿಸಿದರು. ಆಕೆ ಓದಿದ್ದನ್ನು ಬೇರೆ ಹೆಂಗಸರಿಗೆ ಕಲಿಸುವ ಕೆಲಸಕ್ಕೂ ಹಚ್ಚಿದರು. ಸೊಸೆ ಹೊಸ್ತಿಲು ದಾಟಿದರೆ ಮನೆ ಕೆಟ್ಟಿತು ಎನ್ನುವ ಮಾವಂದಿರೇ ತುಂಬಿದ್ದ ದಿನಗಳವು. ಉಮಾಬಾಯಿಯವರ ಔದಾರ್ಯವನ್ನು ಹೊಗಳುವಾಗ ಅದರ ಅರ್ಧ ಪಾಲನ್ನು ಈ ಮಾವನ ಲೆಕ್ಕಕ್ಕೆ ಬರೆಯಬೇಕು ಎಂಬುದು ನನ್ನ ಅಭಿಪ್ರಾಯ.

1920ರ ಆಗಸ್ಟ್‌ನಲ್ಲಿ ಲೋಕಮಾನ್ಯ ತಿಲಕರು ತೀರಿಕೊಂಡರು. ಅವರ ಅಂತಿಮ ಯಾತ್ರೆಗೆ ಮುಂಬಯಿಯ ಬೀದಿಗಳಲ್ಲಿ ಸೇರಿದ ಜನಸಾಗರ ಉಮಾಬಾಯಿಯವರ ಮನಸ್ಸನ್ನು ಕಲಕಿತು. ಕಾಂಗ್ರೆಸ್ಸಿನ ಸ್ವಯಂಸೇವಕಿಯಾದರು, ಖಾದಿ ಉಟ್ಟರು. ಮೂರೇ ವರ್ಷಕ್ಕೆ, 1923ರಲ್ಲಿ, ಗಂಡ ಕ್ಷಯದಿಂದ ತೀರಿಹೋದರು. ಆಗ ಉಮಾಬಾಯಿಯವರಿಗೆ ಮೂವತ್ತೊಂದರ ಆಸುಪಾಸು.

ಮಗನನ್ನು ಕಳೆದುಕೊಂಡ ಮಾವ, ಗಂಡನನ್ನು ಕಳೆದುಕೊಂಡ ಸೊಸೆ ಹುಬ್ಬಳ್ಳಿಗೆ ಬಂದರು. ಮಾವ ಕರ್ನಾಟಕ ಪ್ರೆಸ್ ತೆರೆದರು. ಸೊಸೆ ತಿಲಕ ಕನ್ಯಾಶಾಲೆಯ ಹೊಣೆ ಹೊತ್ತರು, ಭಗಿನಿ ಮಂಡಳ ಎಂಬ ಮಹಿಳಾ ಸಂಘ ಕಟ್ಟಿದರು. ಡಾ. ನಾ. ಸು. ಹರ್ಡೀಕರರು ಕಾಂಗ್ರೆಸ್ಸಿನ ಸ್ವಯಂಸೇವಕರ ಪಡೆಯಾದ ಹಿಂದೂಸ್ತಾನಿ ಸೇವಾದಳ ಕಟ್ಟುತ್ತಿದ್ದ ಹೊತ್ತು ಅದು. ಅದರ ಮಹಿಳಾ ವಿಭಾಗದ ನಾಯಕತ್ವ ಉಮಾಬಾಯಿಯವರಿಗೆ ಬಂತು.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದಕ್ಕೇ ಎಂಬ ಮಾತು ನಮಗೆಲ್ಲ ಬಾಯಿಪಾಠ. ಅದನ್ನು ಸಂಘಟಿಸಿದ ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ಪಂಪಾ ಸರೋವರ ಎಂದು ಹೆಸರಿಟ್ಟು ತೋಡಿಸಿದ ಬಾವಿ, ಇವೂ ಗೊತ್ತು. ಆ ಅಧಿವೇಶನದಲ್ಲಿ ನೂರೈವತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳು ಸ್ವಯಂಸೇವಕಿಯರಾಗಿ ದುಡಿದರು ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅವರನ್ನು ಕಲೆಹಾಕಲು ಉಮಾಬಾಯಿ ಊರೂರು ತಿರುಗಿದರು. ಮಡಿ ಮೈಲಿಗೆಯ ಮನೆಗಳಿಂದ ಹುಡುಗಿಯರು ಬಂದರು, ವಿಧವೆಯರು ಬಂದರು. ವಿಧವೆ ಎಂದರೆ ಮುಂಜಾನೆ ಎದುರಿಗೆ ಬರಬಾರದು, ಹಿತ್ತಿಲ ಕೋಣೆಯಲ್ಲಿ ಬಿದ್ದಿರಬೇಕು ಎನ್ನುತ್ತಿದ್ದ ಕಾಲ. ಅಂಥವರನ್ನು ದೇಶದ ಮುಖಂಡರೆಲ್ಲ ಸೇರುವ ಮಹಾಸಭೆಗೆ ಕರೆದೊಯ್ಯುತ್ತೇನೆ, ಕಳಿಸಿಕೊಡಿ ಎಂದು ಮನೆಯ ಹಿರಿಯರ ಮುಂದೆ ಕೂತು ಕೇಳಿದಾಕೆ ಸ್ವತಃ ವಿಧವೆ. ಗಂಡ ಸತ್ತು ವರ್ಷವೊಂದು ಕಳೆದಿತ್ತೋ ಇಲ್ಲವೋ. ಬೆಳಗಾವಿಯಲ್ಲಿ ನಡೆದ ಎಷ್ಟೋ ಭಾಷಣಗಳಿಗಿಂತ ಇದು ದೊಡ್ಡ ಕೆಲಸ ಎಂದರೆ ನೀವು ಬೇಜಾರು ಮಾಡಿಕೊಳ್ಳಬಾರದು.

1932ರಲ್ಲಿ ಬಂಧನ, ಯರವಡಾ ಜೈಲು. ಆ ನಾಲ್ಕು ತಿಂಗಳಲ್ಲಿ ಹೊರಗೆ ಆದದ್ದು ಹೆಚ್ಚು ಘೋರ. ಮಾವ ತೀರಿಕೊಂಡರು, ಕೊನೆಗಾಲದಲ್ಲಿ ಸೊಸೆ ಪಕ್ಕದಲ್ಲಿರಲಿಲ್ಲ. ಸರ್ಕಾರ ಪ್ರೆಸ್ ಜಪ್ತಿ ಮಾಡಿತು, ಶಾಲೆಗೆ ಬೀಗ ಜಡಿಯಿತು, ಭಗಿನಿ ಮಂಡಳವನ್ನು ಕಾನೂನುಬಾಹಿರ ಎಂದಿತು. ಬಿಡುಗಡೆಯಾಗಿ ಬಂದಾಕೆಗೆ ಉಳಿದದ್ದು ಹುಬ್ಬಳ್ಳಿಯ ಒಂದು ಸಣ್ಣ ಮನೆ.

ಆಗ ಜೈಲಿಂದ ಹೊರಬರುತ್ತಿದ್ದ ಹೆಂಗಸರ ಪಾಡು ಕೇಳಿ. ಗಂಡಸು ಜೈಲಿಂದ ಬಂದರೆ ಹಾರ, ಮೆರವಣಿಗೆ. ಹೆಂಗಸು ಬಂದರೆ ಎಷ್ಟೋ ಮನೆಗಳ ಕದ ತೆರೆಯಲಿಲ್ಲ. ಜೈಲಿನಲ್ಲಿ ಯಾರ ಜೊತೆ ಇದ್ದಳೋ, ಯಾರು ಮಾಡಿದ್ದನ್ನು ಉಂಡಳೋ ಎಂಬ ಅನುಮಾನ. ಹಾಗೆ ನಿಂತ ಹೆಣ್ಣುಮಕ್ಕಳಿಗೆ ಉಮಾಬಾಯಿಯವರ ಮನೆಯೇ ಆಸರೆಯಾಯಿತು. ಎಲ್ಲ ಕಳೆದುಕೊಂಡ ಹೊತ್ತಿನಲ್ಲೇ ಆಕೆ ಅತಿ ಹೆಚ್ಚು ಕೊಟ್ಟರು.

1934ರ ಜನವರಿಯಲ್ಲಿ ಬಿಹಾರದ ಭೂಕಂಪ. ಸ್ವಯಂಸೇವಕರನ್ನು ಕಟ್ಟಿಕೊಂಡು ಅಲ್ಲಿಗೂ ಹೋದರು, ನಿರಾಶ್ರಿತರ ನಡುವೆ ದುಡಿದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಭೂಗತರಾದವರು ಅವರ ಮನೆಗೆ ಬಂದು ಉಂಡು ಹೋಗುತ್ತಿದ್ದರು. ಅನ್ನ ಹಾಕಿದ್ದು ಗೊತ್ತಾದರೂ ಸಾಕು, ಪೊಲೀಸರು ಬಾಗಿಲಿಗೆ ಬರುವ ದಿನಗಳು. 1946ರಲ್ಲಿ ಗಾಂಧೀಜಿ ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಯ ಹೊಣೆಯನ್ನು ಇವರಿಗೆ ವಹಿಸಿದರು. ಹಳ್ಳಿಯ ಹೆಣ್ಣುಮಕ್ಕಳನ್ನು ಆರೋಗ್ಯ, ಶಿಶುಪಾಲನೆಯ ಕೆಲಸಕ್ಕೆ ತಯಾರು ಮಾಡುವುದು ಅದರ ಉದ್ದೇಶ.

ಸ್ವಾತಂತ್ರ್ಯ ಬಂದಾಗ ಉಮಾಬಾಯಿಯವರಿಗೆ ಐವತ್ತೈದು. ಜೊತೆಗಾರರು ಅನೇಕರು ಶಾಸಕರಾದರು, ಮಂತ್ರಿಗಳಾದರು. ಇವರು ಹುಬ್ಬಳ್ಳಿಯಲ್ಲೇ ಉಳಿದರು. 1972ರಲ್ಲಿ, ಸ್ವಾತಂತ್ರ್ಯದ ಬೆಳ್ಳಿಹಬ್ಬಕ್ಕೆ, ಸರ್ಕಾರ ಹೋರಾಟಗಾರರಿಗೆ ತಾಮ್ರಪತ್ರ ಕೊಟ್ಟಿತು, ಪಿಂಚಣಿ ಶುರುಮಾಡಿತು. ಉಮಾಬಾಯಿ ತಾಮ್ರಪತ್ರವನ್ನೂ ಒಲ್ಲೆ ಎಂದರು, ಪಿಂಚಣಿಯನ್ನೂ ಒಲ್ಲೆ ಎಂದರು. ತೆಗೆದುಕೊಂಡವರು ಸಣ್ಣವರಾದರು ಎಂದು ನಾನು ಹೇಳುತ್ತಿಲ್ಲ. ಕೈಯಲ್ಲಿ ಕಾಸಿಲ್ಲದ ಮುದಿವಯಸ್ಸಿನಲ್ಲಿ ಆ ಹಣದಿಂದಲೇ ಒಲೆ ಹಚ್ಚಿದವರು ಬಹಳ ಮಂದಿ.

ಆದರೆ ಒಲ್ಲೆ ಎಂದದ್ದರ ಇನ್ನೊಂದು ಪರಿಣಾಮವನ್ನು ಗಮನಿಸಿ. ಪಿಂಚಣಿ ಬೇಕಾದರೆ ಅರ್ಜಿ ಹಾಕಬೇಕಿತ್ತು, ಜೈಲಿನ ದಾಖಲೆ ಇಲ್ಲವೇ ಜೊತೆಗಿದ್ದವರ ಪ್ರಮಾಣಪತ್ರ ಲಗತ್ತಿಸಬೇಕಿತ್ತು. ಕಚೇರಿಯಲ್ಲಿ ಒಂದು ಕಡತ ತೆರೆದುಕೊಳ್ಳುತ್ತಿತ್ತು. ನಾಳೆ ಸಂಶೋಧಕರು ಹುಡುಕಿದರೆ ಅದು ಸಿಗುತ್ತದೆ. ಅರ್ಜಿಯನ್ನೇ ಹಾಕದವರ ಕಡತ ಎಲ್ಲಿಂದ ಬರಬೇಕು? ಜೈಲಿಗೆ ಹೋದದ್ದನ್ನು ಪೊಲೀಸರು ಬರೆದಿಟ್ಟರು. ಎಷ್ಟು ಜನಕ್ಕೆ ಬಡಿಸಿದಿರಿ, ಎಷ್ಟು ಹೆಣ್ಣುಮಕ್ಕಳಿಗೆ ಚಾಪೆ ಹಾಸಿಕೊಟ್ಟಿರಿ ಎಂದು ಯಾವ ಅಧಿಕಾರಿಯೂ ಬರೆದುಕೊಳ್ಳಲಿಲ್ಲ. ಅದಕ್ಕೇ ನಮ್ಮ ಪುಸ್ತಕಗಳು 1932ರ ಬಗ್ಗೆ ಒಂದು ಪುಟ ಬರೆದು, 1947ರ ನಂತರದ ನಲವತ್ತೈದು ವರ್ಷವನ್ನು ಎರಡು ಸಾಲಿನಲ್ಲಿ ಮುಗಿಸುತ್ತವೆ.

ಉಮಾಬಾಯಿಯವರನ್ನು ಕಂಡವರು, ಅವರ ಶಾಲೆಯಲ್ಲಿ ಕಲಿತ ಹಿರಿಯರ ಬಾಯಿಂದ ಅವರ ಕಥೆ ಕೇಳಿದವರು ಹುಬ್ಬಳ್ಳಿಯ ಕಡೆ ಇನ್ನೂ ಇದ್ದಾರು. ನಿಮ್ಮ ಅಜ್ಜಿ, ಅತ್ತೆ, ನೆರೆಮನೆಯ ಕಾಕೂ ಯಾರೇ ಆಗಲಿ, ಅವರನ್ನು ಕೂರಿಸಿಕೊಂಡು ಕೇಳಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ, ಊರು, ವರ್ಷ ಗುರುತು ಹಾಕಿಕೊಳ್ಳಿ. ಮುಂದಿನ ಉಪನ್ಯಾಸಕ್ಕೆ ಬರುವಾಗ ಅದನ್ನು ತನ್ನಿ.